ಪರರ ಮಾತಿನ ಇಡುಗಂಟು

“ನನ್ನಲ್ಲಿ ಮುಚ್ಚಿಡತಕ್ಕದ್ದೇನಿದೆ?” ಎಂಬ ಪ್ರಶ್ನೆಯನ್ನು ಸಜ್ಜನರ ಬಾಯಲ್ಲಿ ಆಗಾಗ ಕೇಳುತ್ತೇವೆ. ಮೊಬೈಲಿನಲ್ಲಿಯೂ ಕಂಪ್ಯೂಟರಿನಲ್ಲಿಯೂ ಸಂದೇಶ ಕಳುಹಿಸಲು ಯಾವ ಆ್ಯಪನ್ನು ಆರಿಸಬೇಕೆಂಬ ವಿಚಾರ ಬಂದಾಗಲಂತೂ ಈ ಒಂದು ಮಾತಿನಿಂದಲೇ ಚರ್ಚೆ ಮುಗಿದುಹೋಗುತ್ತದೆ. ಮೇಲುನೋಟಕ್ಕೆ ಇದು ನಿಷ್ಕಪಟಿಯ ಮಾತು. ಆದರೆ ಓಲೆಯೆಂಬುದು ಅದನ್ನು ಪಡೆದವನೊಬ್ಬನ ಸೊತ್ತಲ್ಲ. ತಂಗಿಯು ತನ್ನ ಸಂಸಾರದ ಕಷ್ಟವನ್ನು ಅಣ್ಣನಿಗೆ ಬರೆಯುತ್ತಾಳೆ. ಮಿತ್ರನು ವೈದ್ಯರು ಹೇಳಿದ ರೋಗದ ಹೆಸರನ್ನು ತಿಳಿಸುತ್ತಾನೆ. ಅಣ್ಣನಿಗೆ ಮುಚ್ಚುಮರೆಯಿಲ್ಲದಿರಬಹುದು; ತಂಗಿಗೆ ಇದೆ. ಅವಳ ಮಾತು ಅವನ ಬಳಿ ಇರಿಸಿದ ಇಡುಗಂಟು. ತನ್ನ ಮನೆಯ ಬಾಗಿಲನ್ನು ತೆರೆದಿಡಲು ಯಾರಿಗಾದರೂ ಸ್ವಾತಂತ್ರ್ಯವುಂಟು. ಪರರ ಗಂಟು ಒಳಗಿರುವಾಗ ಆ ಸ್ವಾತಂತ್ರ್ಯ ಅಷ್ಟರಮಟ್ಟಿಗೆ ಕುಗ್ಗುತ್ತದೆ.

ಇದನ್ನು ಕಾಯತಕ್ಕ ಪೆಟ್ಟಿಗೆ ಯಾವುದು? ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಎಂಬ ಕ್ರಮದಲ್ಲಿ ಸಂದೇಶವು ಕಳುಹಿಸುವವನ ಯಂತ್ರದಲ್ಲಿಯೇ ಗೂಢಲಿಪಿಯಾಗಿ, ಪಡೆಯುವವನ ಯಂತ್ರದಲ್ಲಿ ಮಾತ್ರ ಬಿಚ್ಚಿಕೊಳ್ಳುತ್ತದೆ. ನಡುವೆ ಸಾಗಿಸುವ ಸಂಸ್ಥೆಯ ಬಳಿ ಬೀಗದ ಕೈ ಇರುವುದಿಲ್ಲ. ಜನರು ತಮ್ಮೊಳಗೆ ಬರೆದುಕೊಳ್ಳುವ ಸಂದೇಶಗಳಿಗೆ ವಾಟ್ಸಾಪು 2016ರಲ್ಲಿ ಈ ರಕ್ಷೆಯನ್ನು ಪೂರ್ಣವಾಗಿ ಅಳವಡಿಸಿತು. ಟೆಲಿಗ್ರಾಮಿನಲ್ಲಿಯಾದರೋ ಸಾಮಾನ್ಯ ಸಂಭಾಷಣೆಗೆ ಅದಿಲ್ಲ; ಇಬ್ಬರ ನಡುವಿನ ರಹಸ್ಯ ಸಂಭಾಷಣೆಯನ್ನು ಬೇರೆಯಾಗಿ ತೆರೆಯಬೇಕು. ಅದರ ಕೀರ್ತಿಯನ್ನಷ್ಟೇ ಕೇಳಿದವರಿಗೆ ಇದು ಆಶ್ಚರ್ಯವೆನಿಸೀತು.

ಒಳಗಣ ಮಾತು ಗುಪ್ತವಾದರೂ ಸಾಲದು. ಯಾರು ಯಾರಿಗೆ ಯಾವಾಗ ಬರೆದರೆಂಬ ಲಕೋಟೆಯ ಮೇಲಿನ ಬರೆಹವೂ ಮಾತನಾಡುತ್ತದೆ. ನಡುರಾತ್ರಿಯಲ್ಲಿ ವಕೀಲರಿಗೆ ಹೋದ ಮೂರು ಓಲೆಗಳನ್ನು ಒಡೆದೇ ನೋಡಬೇಕೆ? 2016ರಲ್ಲಿ ಅಮೆರಿಕದ ಗ್ರ್ಯಾಂಡ್ ಜ್ಯೂರಿಯೊಂದರ ಆಜ್ಞಾಪತ್ರವು ಸಿಗ್ನಲ್ ನಡೆಸುವವರಿಂದ ಬಳಕೆದಾರರ ವಿವರಗಳನ್ನು ಕೇಳಿತು. ಅವರು ಕೊಡಬಲ್ಲವರಾದದ್ದು ಎರಡೇ: ಖಾತೆ ತೆರೆದ ಸಮಯ, ಕಡೆಯ ಸಲ ಸಂಪರ್ಕಕ್ಕೆ ಬಂದ ದಿನ. ಬೇರೇನನ್ನೂ ಅವರು ಕೂಡಿಟ್ಟಿರಲಿಲ್ಲ. ದೊಡ್ಡ ಸಂಸ್ಥೆಗಳ ಆಶ್ವಾಸನೆಗಿಂತ ಈ ಬಡತನವೇ ನಂಬಿಕೆಗೆ ಹೆಚ್ಚು ಅರ್ಹವೆಂದು ನನ್ನ ಅಭಿಪ್ರಾಯ. ಕಾವಲುಗಾರನು ಸತ್ಯವಂತನೇ ಆಗಿರಬಹುದು. ನಾಳೆ ಅವನ ಯಜಮಾನ ಬದಲಾದರೆ?

ಇಂಥ ಮರೆಯು ದುರ್ಜನರಿಗೂ ಒದಗುತ್ತದೆಂಬ ಆಕ್ಷೇಪ ಹಗುರವಾದುದಲ್ಲ. ಆದರೆ ಕಳ್ಳನಿಗಾಗಿ ಮಾಡಿದ ಎರಡನೆಯ ಬೀಗದ ಕೈ ಊರಿನ ಎಲ್ಲ ಬಾಗಿಲುಗಳನ್ನೂ ತೆರೆಯುತ್ತದೆ. ಅದು ಯಾರ ಕೈಸೇರುವುದೆಂದು ಬಲ್ಲವರಾರು? ಗೋಪ್ಯತೆಯನ್ನು ಬಯಸುವವರೆಲ್ಲ ಅಪರಾಧಿಗಳೆಂಬ ಶಂಕೆಯೂ ನಿಲ್ಲದು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿದ ಮೊಕದ್ದಮೆಯಲ್ಲಿ ಅರ್ಜಿದಾರರಾಗಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾದ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ಆ ಹಿರಿಯರು ಏನನ್ನು ಬಚ್ಚಿಡಬೇಕಾಗಿತ್ತು?

ಆದಕಾರಣ ನಾನು ಸಿಗ್ನಲನ್ನು ಮೇಲೆಂದು ಹೇಳುತ್ತೇನೆ. ಆದರೆ ಅದನ್ನು ಕಚೇರಿಯ ಕಂಪ್ಯೂಟರಿಗೆ ಜೋಡಿಸಿ, ಪರದೆಯನ್ನು ತೆರೆದಿಟ್ಟು ಊಟಕ್ಕೆ ಎದ್ದುಹೋದರೆ ತಂಗಿಯ ಓಲೆಯನ್ನು ಓದಲು ಯಾವ ಬೀಗದ ಕೈಯೂ ಬೇಡ. ಅವಳು ವಾಟ್ಸಾಪನ್ನೇ ಬಲ್ಲವಳಾದರೆ ಅಣ್ಣನು ಅಲ್ಲಿಯೇ ಉತ್ತರಿಸಲಿ. ಬ್ಯಾಕಪ್ಪಿಗೆ ಗೂಢಲಿಪಿಯ ರಕ್ಷೆಯನ್ನು ಬೇರೆಯಾಗಿ ಆರಿಸಬೇಕೆಂಬುದನ್ನು ಅವಳಿಗೂ ಹೇಳಿಕೊಡಲಿ.