ದಾಸೋಹವೂ ಹಾಟ್‌ಸ್ಪಾಟೂ

ತನ್ನ ಮೊಬೈಲಿಗೆ ಬರುವ ಇಂಟರ್ನೆಟ್ಟನ್ನು ಹಾಟ್‌ಸ್ಪಾಟ್ ಎಂಬ ಸಾಧನದ ಮೂಲಕ ನೆರೆಮನೆಯವರಿಗೂ ಹಂಚುವುದು ಉಚಿತವೋ ಅನುಚಿತವೋ? ಕಂಪನಿಯವರು ತಮ್ಮ ಕರಾರಿನಲ್ಲಿ ಕೂಡದೆಂದು ಬರೆದಿದ್ದರೆ ಆಗ ಏನು ಮಾಡತಕ್ಕದ್ದು? ತಾಯಲೂರಿನಂತಹ ಹೋಬಳಿಯಲ್ಲಿ ವಾಸಿಸುವ ಸದ್ಗೃಹಸ್ಥರಿಗೆ ಇದು ದಿನನಿತ್ಯದ ಪ್ರಶ್ನೆಯಾಗಿದೆ. ಇಂತಹ ಯಂತ್ರವ್ಯವಹಾರವನ್ನು ಧರ್ಮವಿಚಾರದ ಪುಟಗಳಲ್ಲಿ ಎತ್ತುವುದೇ ಎಂದು ಹುಬ್ಬೇರಿಸುವವರೂ ಉಂಟು. ಅಕ್ಕಿ, ಹಗ್ಗ, ತಕ್ಕಡಿ, ದೋಣಿ ಇವುಗಳ ನಡುವೆಯೇ ಧರ್ಮವನ್ನು ಕಂಡ ಶರಣರ ಪರಂಪರೆಯವರು ಫೋನಿನ ವಿಷಯದಲ್ಲಿ ಮಾತ್ರ ಮೌನವಾಗಿರಬೇಕೆಂಬುದಕ್ಕೆ ಕಾರಣವು ನನಗೆ ತೋರದು.

ಮೊದಲು ವಸ್ತುಸ್ಥಿತಿಯನ್ನು ತಿಳಿಯೋಣ. ಒಂದು ಫೋನು ಗೋಪುರದಿಂದ ಪಡೆದ ಸಂಪರ್ಕವನ್ನು ತನ್ನ ಸುತ್ತಲಿನ ಕೆಲವು ಮಾರುಗಳಷ್ಟು ದೂರಕ್ಕೆ ವೈಫೈ ರೂಪದಲ್ಲಿ ಹರಡುವುದೇ ಹಾಟ್‌ಸ್ಪಾಟ್. 2020ರ ಮಾರ್ಚಿನಲ್ಲಿ ಕೋವಿಡ್ ವ್ಯಾಧಿಯ ನಿಮಿತ್ತ ಶಾಲೆಗಳು ಮುಚ್ಚಿದಾಗ ಇದರ ಬೆಲೆ ಎಲ್ಲರಿಗೂ ತಿಳಿಯಿತು. ಅನೇಕ ಮನೆಗಳಲ್ಲಿ ಫೋನಿಲ್ಲ, ಫೋನಿದ್ದರೆ ಡೇಟಾ ಇಲ್ಲ ಎಂಬ ಸ್ಥಿತಿಯಿದ್ದುದರಿಂದಲೇ ಆ ವರ್ಷದ ಆಗಸ್ಟಿನಲ್ಲಿ ನಮ್ಮ ಸರ್ಕಾರವು ವಿದ್ಯಾಗಮವೆಂಬ ಯೋಜನೆಯಿಂದ ಉಪಾಧ್ಯಾಯರನ್ನು ಮಕ್ಕಳಿದ್ದಲ್ಲಿಗೇ ಕಳುಹಿಸಬೇಕಾಯಿತು. ಅಂತಹ ಕಾಲದಲ್ಲಿ ತನ್ನ ಪಾಲಿನ ಡೇಟಾದಲ್ಲಿ ಪಕ್ಕದ ಮನೆಯ ಬಾಲಕನಿಗೂ ಒಂದು ಪಾಠ ಕೇಳಿಸಿದ ಗೃಹಿಣಿಯನ್ನು ಯಾವ ಶಾಸ್ತ್ರ ತಾನೇ ಕಳ್ಳಿಯೆಂದೀತು? ಕೊಡುವ ಕೈಯನ್ನು ನಿಂದಿಸುವುದು ಈ ಲೇಖನದ ಉದ್ದೇಶವಲ್ಲವೆಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುತ್ತೇನೆ.

ಆದರೆ ಕೊಡುವ ವಸ್ತು ತನ್ನದೇ ಎಂಬುದನ್ನು ನೋಡಬೇಕಷ್ಟೆ. ಇಲ್ಲಿ ಎರಡು ಬಗೆಯ ವ್ಯವಹಾರಗಳಿವೆ; ಅವನ್ನು ಬೆರೆಸುವುದರಿಂದಲೇ ಗೊಂದಲ ಹುಟ್ಟುತ್ತದೆ. ದಿನಕ್ಕೆ ಇಷ್ಟು ಜಿಬಿ ಎಂದು ಅಳೆದು, ಅದಕ್ಕೆ ತಕ್ಕ ಹಣವನ್ನು ಮುಂಗಡವಾಗಿ ಪಡೆದು ಕೊಡುವುದು ಒಂದು ಬಗೆ. ಅದು ಹಣ ತೆತ್ತು ತಂದ ಕೊಡದ ನೀರು. ಮನೆಗೆ ತಂದ ಮೇಲೆ ತಾನು ಕುಡಿದರೇನು, ನೆರೆಯವರ ಮಗುವಿಗೆ ಎರೆದರೇನು, ಕೊಡ ಬರಿದಾದ ಮೇಲೆ ಮುಗಿಯಿತು, ಮಾರಿದವನಿಗೆ ನಷ್ಟವೆಲ್ಲಿಯದು? ಇನ್ನೊಂದು ಬಗೆಯೆಂದರೆ, ಅಳತೆಯಿಲ್ಲ, ಬೇಕಾದಷ್ಟು ಬಳಸು, ಆದರೆ ನಿನ್ನ ಸ್ವಂತಕ್ಕೆ ಬಳಸು, ವ್ಯಾಪಾರಕ್ಕೆ ಬಳಸಬೇಡ ಎಂಬ ಕರಾರಿನ ಮೇಲೆ ಕೊಡುವುದು. ಇದು ಪಂಕ್ತಿಯ ಪ್ರಸಾದದಂತೆ. ಕುಳಿತವನಿಗೆ ಹೊಟ್ಟೆ ತುಂಬ ಬಡಿಸುತ್ತಾರೆ, ಎಷ್ಟು ಉಂಡೆಯೆಂದು ಯಾರೂ ಎಣಿಸುವುದಿಲ್ಲ. ಎಣಿಸುವುದಿಲ್ಲವೆಂದು ಹಂಡೆಯನ್ನೇ ಗಾಡಿಗೇರಿಸಿದರೆ ಹಿಂದಿನ ಪಂಕ್ತಿಯವರ ಗತಿಯೇನು?

ಈ ಭೇದವನ್ನು ನಾನು ಕಲ್ಪಿಸಿದ್ದಲ್ಲ. ಅಮೆರಿಕದಲ್ಲಿ ಇದೇ ವಿಷಯಕ್ಕೆ ದೊಡ್ಡ ವಿವಾದ ನಡೆಯಿತು. ಅಲ್ಲಿಯ ಕಂಪನಿಗಳು ಫೋನಿಗೆ ಡೇಟಾದ ಹಣ ಪಡೆದುದಲ್ಲದೆ, ಅದೇ ಡೇಟಾವನ್ನು ಕಂಪ್ಯೂಟರಿಗೆ ಹರಿಸಲು ತಿಂಗಳಿಗೆ ಮತ್ತೆ 20 ಡಾಲರಿನಂತೆ ಕೇಳುತ್ತಿದ್ದವು. 2011ರಲ್ಲಿ ಎಟಿ ಅಂಡ್ ಟಿ ಕಂಪನಿಯು ಹಾಗೆ ಶುಲ್ಕವಿಲ್ಲದೆ ಬಳಸುತ್ತಿದ್ದ ಗ್ರಾಹಕರಿಗೆ ಎಚ್ಚರಿಕೆಯ ಪತ್ರಗಳನ್ನು ಕಳುಹಿಸಿತು. ವೆರೈಜನ್ ಕಂಪನಿಯಾದರೋ ಹಾಟ್‌ಸ್ಪಾಟ್ ಮಾಡಿಕೊಡುವ ಹನ್ನೊಂದು ಆ್ಯಪ್‌ಗಳನ್ನು ಗ್ರಾಹಕರಿಗೆ ಸಿಗದಂತೆ ಮಾಡಬೇಕೆಂದು ಗೂಗಲ್ ಸಂಸ್ಥೆಯನ್ನು ಕೇಳಿಕೊಂಡಿತು. ಫ್ರೀ ಪ್ರೆಸ್ ಎಂಬ ಸಾರ್ವಜನಿಕ ಸಂಸ್ಥೆಯು ಇದನ್ನು ಸರ್ಕಾರದ ಸಂಪರ್ಕ ಆಯೋಗದ ಮುಂದೆ ದೂರಿತು. ಕಂಪನಿಯು ಆ ತರಂಗಾಂತರವನ್ನು ಹರಾಜಿನಲ್ಲಿ ಪಡೆಯುವಾಗ, ಗ್ರಾಹಕರು ತಮಗಿಷ್ಟವಾದ ಆ್ಯಪ್ ಬಳಸುವುದನ್ನು ತಡೆಯುವುದಿಲ್ಲವೆಂಬ ನಿಯಮಕ್ಕೆ ಒಳಪಟ್ಟಿತ್ತು. 2012ರ ಜುಲೈ 31ರಂದು ಕಂಪನಿಯು 12,50,000 ಡಾಲರುಗಳನ್ನು ತೆತ್ತು ವಿವಾದವನ್ನು ಮುಗಿಸಿಕೊಂಡಿತು. ಆಗ ಆಯೋಗವು ಪ್ರಕಟಿಸಿದ ವ್ಯವಸ್ಥೆಯಲ್ಲಿ, ಅಳತೆಗೆ ಹಣ ತೆರುವ ಗ್ರಾಹಕರು ಹೆಚ್ಚಿನ ಶುಲ್ಕವಿಲ್ಲದೆ ಹಂಚಿಕೊಳ್ಳಬಹುದೆಂದಿತ್ತು. ಅಳತೆಯಿಲ್ಲದ ಯೋಜನೆಯವರನ್ನು ಅದರಲ್ಲಿ ಸೇರಿಸಿರಲಿಲ್ಲ. ಮಾತಿಗೆ ತಪ್ಪಿದವನು ಕಂಪನಿಯೇ ಆದಾಗ ದಂಡವೂ ಕಂಪನಿಗೇ ಆಯಿತೆಂಬುದನ್ನು ಗಮನಿಸಬೇಕು.

ನಮ್ಮ ದೇಶದಲ್ಲಿ ದಿನದ ಅಳತೆಯ ಸಾಮಾನ್ಯ ಯೋಜನೆಗಳಿಗೆ ಹಾಟ್‌ಸ್ಪಾಟಿನ ಬೇರೆ ಶುಲ್ಕವಿಲ್ಲ. ಆದ್ದರಿಂದ ಮನೆಮಂದಿಯೂ ನೆರೆಯ ವಿದ್ಯಾರ್ಥಿಯೂ ಅದನ್ನು ಹಂಚಿಕೊಂಡರೆ ಮನಸ್ಸಿನಲ್ಲಿ ಶಂಕೆಯಿಟ್ಟುಕೊಳ್ಳಬೇಕಾಗಿಲ್ಲ. ಪ್ರಶ್ನೆಯೇಳುವುದು ಅನಿಯಮಿತವೆಂದು ಕೊಟ್ಟ 5ಜಿ ಮೊದಲಾದ ಯೋಜನೆಗಳಲ್ಲಿ. ಇವುಗಳ ಕರಾರಿನಲ್ಲಿ ವೈಯಕ್ತಿಕ ಮತ್ತು ವಾಣಿಜ್ಯೇತರ ಬಳಕೆಗೆ ಮಾತ್ರವೆಂಬ ಮಾತು ಸಾಮಾನ್ಯವಾಗಿ ಇರುತ್ತದೆ.

ಇಲ್ಲಿ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥೆಯನ್ನು ನೆನೆಯಬೇಕು. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮ ಅದನ್ನು ಒಲೆಯ ಮೇಲೇರಿಸದೆ, ಅಲ್ಲಿಯೇ ಚೆಲ್ಲಿ ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಈ ಕಥೆಯನ್ನು ಆಸೆಯ ಖಂಡನೆಯೆಂದು ಹೇಳಿ ಮುಗಿಸುವುದು ರೂಢಿ. ಆದರೆ ಸೂಕ್ಷ್ಮವನ್ನು ನೋಡಿರಿ. ಆ ಅಂಗಳದಲ್ಲಿ ಅಕ್ಕಿಯನ್ನು ಅಳೆಯುವವರಿರಲಿಲ್ಲ. ಆಯುವುದಕ್ಕೆ ತಡೆಯಿರಲಿಲ್ಲ. ಮಹಾಮನೆಗೆ ಆ ಹಿಡಿ ಅಕ್ಕಿಯಿಂದ ಬಡತನ ಬರುವಂತಿರಲಿಲ್ಲ. ತಂದುದು ಸ್ವಂತದ ಭೋಗಕ್ಕೂ ಅಲ್ಲ, ಜಂಗಮದಾಸೋಹಕ್ಕೆ! ಇಂದು ಕಂಪನಿಯ ಕರಾರನ್ನು ಮುರಿಯುವವರು ಹೇಳುವ ಸಮಾಧಾನಗಳೆಲ್ಲವೂ ಮಾರಯ್ಯನಿಗೆ ದೊರೆಯುತ್ತಿದ್ದವು. ಕಂಪನಿ ಶ್ರೀಮಂತವಾದುದು, ನನ್ನಿಂದ ಅದಕ್ಕೇನು ಕೊರತೆ, ನಾನು ಕೊಡುವುದು ಬಡವನಿಗೆ ಎಂಬುದೇ ಅಲ್ಲವೇ ನಮ್ಮ ವಾದ? ಲಕ್ಕಮ್ಮನ ಮುಂದೆ ಇವೊಂದೂ ನಿಲ್ಲಲಿಲ್ಲ. ನೀಡುವ ಅನ್ನವು ಪವಿತ್ರವಾಗಬೇಕಾದರೆ ಅದು ಒಲೆಗೆ ಬಂದ ದಾರಿಯೂ ಶುದ್ಧವಾಗಿರಬೇಕೆಂಬುದು ಆ ತಾಯಿಯ ನಿಲುವು.

ಕಂಪನಿಗೆ ಕೊರತೆಯಾಗದಿದ್ದರೂ ಕೊರತೆ ಯಾರಿಗಾಗುತ್ತದೆಂಬುದನ್ನು ಕೋಲಾರ ಸೀಮೆಯವರಿಗೆ ವಿವರಿಸಬೇಕಾಗಿಲ್ಲ. ಬಾರಿ ಹರಿಯುವ ನದಿಯಿಲ್ಲದ ನಾಡು ನಮ್ಮದು, ಕೆರೆಯೇ ಜೀವ. ತೂಬೆತ್ತಿ ಗದ್ದೆಗದ್ದೆಗೆ ನೀರು ಬಿಡಲು ನೀರುಗಂಟಿಯೊಬ್ಬನಿರುತ್ತಿದ್ದ. ರಾತ್ರಿ ಕಾಲುವೆ ಕಡಿದವನು ಕೆರೆಯನ್ನು ಕದ್ದೆನೆಂದುಕೊಳ್ಳುತ್ತಾನೆ. ಬೆಳಗಾದರೆ ಒಣಗುವುದು ಕೊನೆಯ ಗದ್ದೆ. ಮೊಬೈಲಿನ ಗೋಪುರವೂ ಹೀಗೆಯೇ. ಅದಕ್ಕೆ ದೊರೆತ ತರಂಗಾಂತರ ಇಷ್ಟೇ ಎಂದು ಗೊತ್ತಾಗಿದೆ. ಒಂದು ದಿಕ್ಕಿಗೆ ಹರಿಯುವ ಸಾಮರ್ಥ್ಯವನ್ನು ಆ ದಿಕ್ಕಿನ ಎಲ್ಲ ಫೋನುಗಳೂ ಹಂಚಿಕೊಳ್ಳಬೇಕು. ಸಂಜೆಯ ಹೊತ್ತು ಒಂದು ಸಿಮ್ಮಿನ ಮೇಲೆ ನಾಲ್ಕು ಮನೆಯ ಟಿ.ವಿ.ಗಳು ಓಡಿದರೆ, ಊರಾಚೆಯ ಮನೆಯಲ್ಲಿ ಪರೀಕ್ಷೆಗೆ ಓದುವ ಹುಡುಗಿಯ ಪರದೆಯ ಮೇಲೆ ಚಕ್ರವು ತಿರುಗುತ್ತಲೇ ಇರುತ್ತದೆ. 2018ರಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯ ಸಂಸ್ಕರಿತ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆಯಷ್ಟೆ. ಅಂತರ್ಜಲವನ್ನು ಹೆಚ್ಚಿಸಲು ಬಿಟ್ಟ ಆ ನೀರಿಗೆ ನೇರವಾಗಿ ಪಂಪು ಹಾಕಕೂಡದೆಂಬ ನಿಯಮವುಂಟು. ಕಣ್ಣೆದುರು ಕೆರೆ ತುಂಬಿರುವಾಗ ಈ ನಿಯಮ ಕಹಿಯೆನಿಸುವುದು ಸಹಜ. ಆದರೂ ಪಂಪು ಹಾಕಿದವನಿಂದ ಬತ್ತುವುದು ನೆರೆಯವನ ಕೊಳವೆಬಾವಿಯೇ.

ಇನ್ನು ನಿಯಮವನ್ನು ಮುರಿಯುವ ಉಪಾಯದ ಮಾತು. ಜಾಲದಲ್ಲಿ ದತ್ತಾಂಶವು ಸಣ್ಣ ಪೊಟ್ಟಣಗಳಾಗಿ ಸಂಚರಿಸುತ್ತದೆ. ಪ್ರತಿ ಪೊಟ್ಟಣದ ಮೇಲೂ ಒಂದು ಸಂಖ್ಯೆ ಇರುತ್ತದೆ; ಫೋನಿನಿಂದ ಹೊರಡುವಾಗ ಅದು ಸಾಮಾನ್ಯವಾಗಿ 64. ದಾರಿ ತೋರುವ ಒಂದೊಂದು ಯಂತ್ರವನ್ನು ಹಾದಾಗಲೂ ಒಂದೊಂದು ಕಳೆಯುತ್ತದೆ. ದಾರಿ ತಪ್ಪಿದ ಪೊಟ್ಟಣವು ಕೊನೆಯಿಲ್ಲದೆ ಅಲೆಯದಿರಲೆಂದು ಮಾಡಿದ ಏರ್ಪಾಡಿದು. ನೆರೆಯವನ ಫೋನಿನ ಪೊಟ್ಟಣವು ನಮ್ಮ ಫೋನನ್ನು ಹಾದು ಬರುವುದರಿಂದ ಕಂಪನಿಯ ಬಾಗಿಲಿಗೆ 63 ಆಗಿ ಮುಟ್ಟುತ್ತದೆ. ಹಂಚಿಕೆ ನಡೆದಿದೆಯೆಂದು ಕೆಲವು ಕಂಪನಿಗಳು ಇದರಿಂದಲೇ ಅರಿಯುತ್ತವೆ. ಅದನ್ನು ಮರೆಸಲು ಮೊದಲೇ 65 ಎಂದು ತಿದ್ದಿ ಕಳುಹಿಸುವ ಜಾಣರಿದ್ದಾರೆ. ಸದ್ಭಕ್ತರೇ, ಹಂಚಿದ್ದು ದೋಷವೋ ಅಲ್ಲವೋ ಎಂದು ಪಂಡಿತರು ವಾದಿಸಲಿ. ಆ 65 ಮಾತ್ರ ಸುಳ್ಳು; ಯಾರಿಗೂ ಕಾಣದ ಎಡೆಯಲ್ಲಿ ಬರೆದ ಸುಳ್ಳು. ಮನೆಯ ಯುವಕನೊಬ್ಬನು ಇದನ್ನು ಕಲಿತು ಮಾಡಿದಾಗ ಅವನ ಬುದ್ಧಿಶಕ್ತಿಯನ್ನು ಹೊಗಳುವ ತಂದೆತಾಯಿಗಳು, ನಾಳೆ ಅದೇ ಕೈ ಅಂಗಡಿಯ ಲೆಕ್ಕವನ್ನು ತಿದ್ದಿದಾಗ ಬೆರಗಾಗಬಾರದು.

ಅನಿಯಮಿತ ಸಂಪರ್ಕವನ್ನು ತಿಂಗಳಿಗಿಷ್ಟೆಂದು ನಾಲ್ಕಾರು ಮನೆಗಳಿಗೆ ಮಾರುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಕರಾರಿಗೂ ವಿರುದ್ಧ, ಅಧಿಕಾರಪತ್ರವಿಲ್ಲದೆ ದೂರಸಂಪರ್ಕ ಸೇವೆಯನ್ನು ನೀಡಕೂಡದೆಂಬ ಕಾನೂನಿಗೂ ವಿರುದ್ಧ. ಗುಪ್ತಪದವಿಲ್ಲದೆ ಹಾಟ್‌ಸ್ಪಾಟನ್ನು ತೆರೆದಿಡುವ ಔದಾರ್ಯವೂ ಬೇಡ. ದಾರಿಹೋಕನು ಅದರಿಂದ ಮಾಡಿದ ವಂಚನೆಯ ಜಾಡು ಸಿಮ್ಮಿನ ಒಡೆಯನ ಹೆಸರಿಗೇ ಬಂದು ನಿಲ್ಲುತ್ತದೆ.

ಹಾಗಾದರೆ ಕಂಪನಿ ಬರೆದುದೆಲ್ಲವೂ ವೇದವಾಕ್ಯವೋ? ಖಂಡಿತ ಅಲ್ಲ. ಅನಿಯಮಿತವೆಂದು ದೊಡ್ಡ ಅಕ್ಷರದಲ್ಲಿ ಸಾರಿ, ಮಿತಿಯನ್ನು ಸಣ್ಣ ಅಕ್ಷರದಲ್ಲಿ ಅಡಗಿಸುವುದು ತಕ್ಕಡಿಯ ತಟ್ಟೆಯ ಕೆಳಗೆ ಮೇಣ ಅಂಟಿಸಿದಂತೆಯೇ. ಅದನ್ನು ಕಂಪನಿಯ ದೂರುಕೇಂದ್ರದಲ್ಲಿ ದಾಖಲಿಸಿ, ಪರಿಹಾರ ಸಿಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಒಯ್ಯುವ ಹಕ್ಕು ಗ್ರಾಹಕನಿಗುಂಟು. ಅಮೆರಿಕದ ನಿಯಮ ಸಡಿಲಿದುದು ಬಹಿರಂಗದ ದೂರಿನಿಂದ, ಕದ್ದು ಬಳಸಿದವರಿಂದಲ್ಲ.

ಊರಿಗೆಲ್ಲ ಹಂಚಬೇಕೆಂಬ ಸದಿಚ್ಛೆಯುಳ್ಳವರಿಗೆ ಬೆಳಕಿನಲ್ಲಿಯೇ ನಡೆಯುವ ದಾರಿಯೊಂದು ಇದೆ. 2020ರ ಡಿಸೆಂಬರ್ 9ರಂದು ಕೇಂದ್ರ ಮಂತ್ರಿಮಂಡಲವು ಪಿಎಂ-ವಾಣಿ ಎಂಬ ಸಾರ್ವಜನಿಕ ವೈಫೈ ವ್ಯವಸ್ಥೆಗೆ ಒಪ್ಪಿಗೆಯಿತ್ತಿತು. ಅದರಂತೆ ಕಿರಾಣಿ ಅಂಗಡಿಯವನೋ ಚಹಾದಂಗಡಿಯವನೋ ಪಬ್ಲಿಕ್ ಡೇಟಾ ಆಫೀಸನ್ನು ತೆರೆದು ಊರಿನವರಿಗೆ ಇಂಟರ್ನೆಟ್ಟನ್ನು ಒದಗಿಸಬಹುದು. ಅಂಗಡಿಯವನಿಗೆ ಪರವಾನಗಿಯೂ ಬೇಡ, ಪರವಾನಗಿ ಶುಲ್ಕವೂ ಇಲ್ಲ. ನೋಂದಾಯಿತ ಮಧ್ಯಸ್ಥ ಸಂಸ್ಥೆಯೊಂದರ ಜೊತೆ ಸೇರಿಕೊಂಡರೆ ಸಾಕು. ಆದರೆ ಕಂಪನಿಗಳು ಇಂತಹ ಅಂಗಡಿಗಳಿಂದ ದುಬಾರಿ ದರ ಕೇಳುತ್ತಿದ್ದುದರಿಂದ ಇದು ನಿರೀಕ್ಷೆಯಂತೆ ಹಬ್ಬಲಿಲ್ಲ. 2025ರ ಜೂನಿನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 200 ಎಂಬಿಪಿಎಸ್ ವೇಗದವರೆಗಿನ ಫೈಬರ್ ಸಂಪರ್ಕಕ್ಕೆ ಮನೆಬಳಕೆಯ ದರದ ಎರಡರಷ್ಟಕ್ಕಿಂತ ಹೆಚ್ಚನ್ನು ಇಂತಹ ಅಂಗಡಿಗಳಿಂದ ಕೇಳಕೂಡದೆಂದು ಆಜ್ಞೆ ಮಾಡಿದೆ. ತಾಯಲೂರಿನ ಯುವಕರು ನಾಲ್ವರು ಕೂಡಿ, ತಮ್ಮ ಭಾಗಕ್ಕೆ ಫೈಬರ್ ಎಳೆದಿರುವ ಕಂಪನಿಯವರನ್ನು ಕಂಡು, ಈ ಆಜ್ಞೆಯನ್ನು ಮುಂದಿಟ್ಟು ದರ ಕೇಳಲಿ. ಸಂಜೆ ಓದಲು ಬರುವ ಮಕ್ಕಳಿಗೆ ಒಂದೆರಡು ಗಂಟೆ ಉಚಿತವಾಗಿ ಬಿಡುವ ಅಂಗಡಿಯವನಿಗೆ ಅದರ ವೆಚ್ಚವನ್ನು ಊರಿನ ಉಳ್ಳವರು ಹಂಚಿಕೊಂಡು ಕೊಡಬಹುದು.