ಹೊಸ್ತಿಲ ತನಕ

2024ರ ಮೇ 7, ಮಂಗಳವಾರ. ಹಾವೇರಿ ಲೋಕಸಭಾ ಕ್ಷೇತ್ರದ ಮತದಾನ. ಗದಗ ಜಿಲ್ಲೆಯವರಾದರೂ ನಮ್ಮ ಮುಂಡರಗಿ ಕಡೆಯ ಊರುಗಳ ಓಟು ಹಾವೇರಿ ಕ್ಷೇತ್ರಕ್ಕೇ ಸೇರುತ್ತದೆ. ನಾನಾಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ಮತಗಟ್ಟೆಯಲ್ಲಿ ಸ್ವಯಂಸೇವಕರಾಗಿ ದುಡಿಯಲು ಕಾಲೇಜಿನ ಎನ್ನೆಸ್ಸೆಸ್ ಘಟಕದಿಂದ ಹೆಸರು ಕೊಟ್ಟವರಲ್ಲಿ ನಾನೂ ಒಬ್ಬಳು. ನನ್ನ ಪಾಲಿಗೆ ಬಂದ ಊರು ತುಂಗಭದ್ರೆಯ ದಂಡೆಯ ಹಮ್ಮಿಗಿ. ಸೋದರಮಾವನ ಮನೆ ಅಲ್ಲೇ ಇದ್ದುದರಿಂದ ಹಿಂದಿನ ದಿನವೇ ಹೋಗಿ ಉಳಿದೆ.

ಕೆಲಸ ದೊಡ್ಡದೇನೂ ಅಲ್ಲ. ನಡೆಯಲಾಗದವರನ್ನು ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬರುವುದು, ಸರದಿಯಲ್ಲಿ ನಿಂತವರಿಗೆ ನೀರು ಕೊಡುವುದು, ಚೀಟಿಯಲ್ಲಿ ಹೆಸರು ಸಿಗದೆ ಗಾಬರಿಯಾದವರಿಗೆ ಕ್ರಮಸಂಖ್ಯೆ ಹುಡುಕಿ ಕೊಡುವುದು. ನಮಗೆ ಕೊಟ್ಟ ಎಚ್ಚರಿಕೆ ಒಂದೇ: ಬಾಗಿಲ ತನಕ ಕರೆತನ್ನಿ, ಒಳಗಿನದು ನಿಮ್ಮ ಕೆಲಸವಲ್ಲ. ಅದನ್ನು ಕೇಳಿದಾಗ ಇದೊಂದು ಸಾಮಾನ್ಯ ಸೂಚನೆ ಎಂದುಕೊಂಡಿದ್ದೆ. ಆ ಮಾತಿನ ತೂಕ ತಿಳಿದದ್ದು ಮಧ್ಯಾಹ್ನ.

ಹನ್ನೆರಡರ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಹಿಂದಿನ ಓಣಿಯಲ್ಲಿ ಒಬ್ಬ ಆಯಿ ಇದ್ದಾರೆ, ಕರೆದುಕೊಂಡು ಬಾ ಎಂದು ಯಾರೋ ಹೇಳಿದರು. ಹೋದೆ. ಎಪ್ಪತ್ತೆಂಟರ ಸುಮಾರಿನ ವಯಸ್ಸು, ಮೊಣಕಾಲು ಹಿಡಿದುಹೋಗಿದೆ, ಒಂದು ಕಣ್ಣು ಮಂಜು. ಆ ಸಲ ಮನೆಯಲ್ಲೇ ಕೂತು ಮತ ಹಾಕುವ ಅವಕಾಶ ಇದ್ದದ್ದು ಅಂಗವಿಕಲರಿಗೆ ಮತ್ತು 85 ದಾಟಿದವರಿಗೆ. ಆಯಿ ಎರಡೂ ಪಟ್ಟಿಯಲ್ಲಿ ಇರಲಿಲ್ಲ. ಆದರೆ ಬೆಳಿಗ್ಗೆಯೇ ಜಳಕ ಮಾಡಿ, ಪೆಟ್ಟಿಗೆಯೊಳಗಿನ ಇಳಕಲ್ ಸೀರೆ ಉಟ್ಟು, ಗುರುತಿನ ಚೀಟಿಯನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಕುರ್ಚಿಯಲ್ಲಿ ಕೂರಿಸುವಾಗ ಕೇಳಿದೆ, "ಇಷ್ಟು ಬಿಸಿಲಾಗ ತ್ರಾಸ ಆಗೂದಿಲ್ಲೇನ್ರಿ ಆಯಿ?"

"ತ್ರಾಸ ಆದರ ಆಗಲಿ ತಗೊ ಯವ್ವಾ. ಪಟ್ಟ್ಯಾಗ ನನ್ನ ಹೆಸರ ಐತಿ. ನಾ ಇದ್ದೀನಂತ ಹೇಳಿ ಬರಬೇಕಲ್ಲ."

ಶಾಲೆಯ ಅಂಗಳಕ್ಕೆ ಬಂದೆವು. ಮತಗಟ್ಟೆಯ ಬಾಗಿಲು ಇನ್ನು ನಾಲ್ಕು ಮಾರು ಇರುವಾಗ ಆಯಿ ನನ್ನ ಕೈ ಹಿಡಿದು ಬಗ್ಗಿಸಿಕೊಂಡು ಕಿವಿಯಲ್ಲಿ ಕೇಳಿದರು: "ನೀ ಸಾಲಿ ಕಲ್ತಾಕಿ. ನೀನ ಹೇಳ, ಯಾವ ಗುಂಡಿ ಒತ್ತಲಿ?"

ನನಗೆ ಆಗ ಹತ್ತೊಂಬತ್ತು. ಅದು ನನ್ನ ಮೊದಲ ಲೋಕಸಭೆ ಓಟು. ಯಾರು ಗೆಲ್ಲಬೇಕು, ಯಾಕೆ ಗೆಲ್ಲಬೇಕು ಎಂಬುದರ ಬಗ್ಗೆ ನನ್ನಲ್ಲಿ ಗಟ್ಟಿ ಅಭಿಪ್ರಾಯವಿತ್ತು. ಅದಕ್ಕಾಗಿ ಹಾಸ್ಟೆಲ್ಲಿನಲ್ಲಿ ಗೆಳತಿಯರ ಜೊತೆ ರಾತ್ರಿಯೆಲ್ಲ ವಾದ ಮಾಡಿದ್ದೆ. ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಸುತ್ತ ಯಾರೂ ಕೇಳಿಸಿಕೊಳ್ಳುವಂತಿರಲಿಲ್ಲ. ಮತಗಟ್ಟೆಯ ಸುತ್ತ ನೂರು ಮೀಟರಿನೊಳಗೆ ಮತ ಕೇಳುವಂತಿಲ್ಲ ಎಂಬ ಕಾನೂನು ಆ ಪಿಸುಮಾತನ್ನು ಹಿಡಿಯಲಾರದು. ಅಷ್ಟು ದೂರ ತಳ್ಳಿಕೊಂಡು ಬಂದಿದ್ದೇನೆ, ಅವರೇ ನಂಬಿ ಕೇಳುತ್ತಿದ್ದಾರೆ, ಹೇಳಿದರೆ ತಪ್ಪೇನು ಎಂದು ಮನಸ್ಸು ಒಳಗೊಳಗೇ ಲೆಕ್ಕ ಹಾಕಿತು.

ಆ ಒಂದು ಗಳಿಗೆಯನ್ನು ನಾನು ಇವತ್ತಿಗೂ ಮರೆತಿಲ್ಲ. ಸಹಾಯ ಮಾಡುವ ಕೈ ಎಷ್ಟು ಬೇಗ ಆಳುವ ಕೈಯಾಗಬಲ್ಲದು ಎಂಬುದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ, ನನ್ನ ಕೈಯನ್ನೇ ನೋಡಿ ಕಲಿತೆ.

"ಅದು ನಿಮ್ಮ ಮನಸಿಗೆ ಬಿಟ್ಟದ್ರಿ ಆಯಿ. ನಾ ಹೊಸ್ತಿಲ ತನಕ ಅಷ್ಟ ಬರ್ತೀನಿ," ಎಂದೆ. ನನ್ನ ದನಿ ಸ್ವಲ್ಪ ನಡುಗಿತ್ತು.

ಬಾಗಿಲಲ್ಲಿ ಸಿಬ್ಬಂದಿ ಕುರ್ಚಿ ಹಿಡಿದುಕೊಂಡರು. ನಾನು ಹೊರಗೆ ಗೋಡೆಗೆ ಒರಗಿ ನಿಂತೆ. ಒಳಗೆ ಹೆಸರು ಕೂಗಿದರು, ಬೆರಳಿಗೆ ಶಾಯಿ ಹಚ್ಚಿದರು. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಮತಯಂತ್ರದ ಆ ಉದ್ದನೆಯ ಸದ್ದು ಕೇಳಿದಾಗ ಉಸಿರು ಬಿಟ್ಟೆ. ಹೊರಗೆ ಬಂದ ಆಯಿಯ ಮುಖದಲ್ಲಿ ನಗು ಇತ್ತು. "ಒತ್ತಿದೆ. ಯಾರಿಗಂತ ಮಗಗೂ ಹೇಳಂಗಿಲ್ಲ, ನಿನಗೂ ಹೇಳಂಗಿಲ್ಲ," ಎಂದರು. ನಾಲ್ಕು ಮಾರು ಹಿಂದೆ ನನ್ನನ್ನು ಕೇಳಿದ್ದ ಆಯಿ ಇವರೇ ಏನು ಅನ್ನಿಸಿತು. ನಾನು ಹೆಸರು ಹೇಳಿಬಿಟ್ಟಿದ್ದರೆ ಆ ನಗು ಅವರದಾಗುತ್ತಿರಲಿಲ್ಲ.

ಆಮೇಲೆ ನಿಯಮ ಓದಿದೆ. ಕಣ್ಣು ಕಾಣದವರು, ತಾವೇ ಗುಂಡಿ ಒತ್ತಲಾಗದಷ್ಟು ನಿಶ್ಶಕ್ತರಾದವರು 18 ತುಂಬಿದ ಒಬ್ಬ ಸಂಗಾತಿಯನ್ನು ಮತಯಂತ್ರದ ತನಕ ಕರೆದೊಯ್ಯಬಹುದು. ಆದರೆ ಆ ಸಂಗಾತಿ ಅದೇ ದಿನ ಇನ್ನೊಬ್ಬರಿಗೆ ಸಂಗಾತಿಯಾಗುವಂತಿಲ್ಲ. ಹಾಕಿದ ಮತವನ್ನು ಗುಟ್ಟಾಗಿ ಇಡುತ್ತೇನೆಂದು ಬರೆದುಕೊಡಬೇಕು. ಕಾನೂನು ಮಾಡಿದವರಿಗೆ ಈ ಅಪಾಯ ಗೊತ್ತಿತ್ತು. ಇನ್ನೊಬ್ಬರ ಬೆರಳು ಹಿಡಿಯುವ ಅಧಿಕಾರ ಒಬ್ಬನ ಕೈಯಲ್ಲಿ ಹೆಚ್ಚು ಹೊತ್ತು ಇರಬಾರದು ಎಂದೇ ಅವರು ಹಾಗೆ ಬರೆದಿದ್ದಾರೆ.

ಇಷ್ಟಕ್ಕೇ ಮುಗಿದಿದ್ದರೆ ನಾನು ಏನೋ ಸಾಧಿಸಿದೆನೆಂದು ಸಮಾಧಾನವಾಗಿ ಇರುತ್ತಿದ್ದೆ. ಆದರೆ ಆಯಿ ಇನ್ನೊಂದು ಪಾಠ ಉಳಿಸಿಕೊಂಡಿದ್ದರು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಮುಂಡರಗಿ ಬಸ್ ನಿಲ್ದಾಣದಲ್ಲಿ ಸಿಕ್ಕರು. ಕಣ್ಣು ತೋರಿಸಲು ಬಂದಿದ್ದರಂತೆ. ದನಿಯಿಂದಲೇ ನನ್ನನ್ನು ಗುರುತು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. ಮಾತಿನ ನಡುವೆ ಕೇಳಿದರು: "ಓಟಿನ ದಿನ ಕುರ್ಚಿ ತಗೊಂಡ ಬಂದಿದ್ದಿ. ಮೊನ್ನೆ ಗ್ರಾಮಸಭಿ ಇತ್ತಲ್ಲ, ಅವತ್ತ ಯಾಕ ಬರಲಿಲ್ಲ?"

ನನ್ನಲ್ಲಿ ಉತ್ತರ ಇರಲಿಲ್ಲ. ಗ್ರಾಮಸಭೆ ಇತ್ತು ಎಂಬುದೇ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೋಗುತ್ತಿದ್ದೆನೇ? ಓಟಿನ ದಿನ ಪ್ರಮಾಣಪತ್ರ ಇತ್ತು, ಕೊರಳಿಗೆ ಗುರುತಿನ ಕಾರ್ಡು ಇತ್ತು. ಸಭೆಯ ದಿನ ಅದ್ಯಾವುದೂ ಇಲ್ಲ.

"ನಿಮಗ ಸಭ್ಯಾಗ ಏನ ಹೇಳೂದಿತ್ರಿ?" ಎಂದು ಕೇಳಿದೆ.

"ಬಸ್ ನಿಲ್ಲೂ ಕಡೆ ಒಂದೀಟ ನೆಳ್ಳ ಬೇಕು. ಕುಂದ್ರಾಕ ಒಂದ ಕಟ್ಟಿ ಬೇಕು. ದವಾಖಾನಿಗೆ ಬರೂ ಮುದುಕರು ಬಿಸಿಲಾಗ ನಿಲ್ತೀವಿ. ಅಷ್ಟ."

ಅಷ್ಟೇ. ಸಂಸತ್ತಿಗೆ ಹೋದ ಯಾರಿಗೂ ಈ ಮಾತು ತಲುಪುವುದಿಲ್ಲ, ತಲುಪಬೇಕಾದ್ದೂ ಇಲ್ಲ. ಇದನ್ನು ಹೇಳಬೇಕಾದ ಜಾಗ ಗ್ರಾಮಸಭೆ. ಯಾರೂ ಬಾಯಿಬಿಟ್ಟು ಹೇಳದ ಮಾತು ಕಾಮಗಾರಿಯ ಪಟ್ಟಿಗೆ ಬರುವುದಿಲ್ಲ. ಅದರಲ್ಲಿ ಪಂಚಾಯ್ತಿಯ ತಪ್ಪೂ ಇಲ್ಲ. ನಾವು ಆಯಿಯನ್ನು ದೂರದ ದಿಲ್ಲಿಯ ಹೊಸ್ತಿಲಿಗೆ ಕುರ್ಚಿಯಲ್ಲಿ ಕೂರಿಸಿ ಒಯ್ದೆವು. ಕೂಗಳತೆಯ ಹೊಸ್ತಿಲಿಗೆ ಕರೆದೊಯ್ಯಲು ಒಬ್ಬರೂ ಹೋಗಲಿಲ್ಲ.

ಮತ್ತೊಂದು ಮಾತನ್ನೂ ಆಯಿ ಅವತ್ತು ಹೇಳಿದರು. ಅವರ ತವರು ವಿಠಲಾಪುರ. ಸಿಂಗಟಾಲೂರು ಏತ ನೀರಾವರಿ ಯೋಜನೆಗಾಗಿ ಹಮ್ಮಿಗಿಯಲ್ಲಿ ತುಂಗಭದ್ರೆಗೆ ಅಡ್ಡವಾಗಿ 26 ಗೇಟುಗಳ ಬ್ಯಾರೇಜು ಎದ್ದಾಗ ಅದರ ಹಿನ್ನೀರಿನಿಂದಾಗಿ ಬಿದರಹಳ್ಳಿ, ಗುಮ್ಮಗೋಳದ ಜೊತೆಗೆ ವಿಠಲಾಪುರವೂ ಮುಳುಗಡೆ ಊರುಗಳ ಸಾಲಿಗೆ ಸೇರಿತು. ಆ ನೀರು ಇವತ್ತು ಬರದ ಹೊಲಗಳಿಗೆ ಹೋಗುತ್ತದೆ, ಊರುಕೇರಿಗಳ ನಲ್ಲಿಗಳಿಗೆ ಹೋಗುತ್ತದೆ. ಅದರ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. "ಆದರ ಆ ಮಾತು ನಡದಾಗ ಮಾತಾಡಾಕ ಹೋದವ್ರೆಲ್ಲಾ ಗಂಡಸ್ರು," ಎಂದರು ಆಯಿ. "ನಾವು ಹೆಣಮಕ್ಕಳು ಮನ್ಯಾಗ ಕುಂತ ಸುದ್ದಿ ಕೇಳಿದ್ವಿ." ಹುಟ್ಟಿದ ಮನೆಯ ಹೊಸ್ತಿಲ ಬಗ್ಗೆ ಮಾತಾಡುವ ಸಭೆಯ ಹೊಸ್ತಿಲನ್ನು ಅವರು ತುಳಿದಿರಲೇ ಇಲ್ಲ.

ಜನ ಹೋಗಿ ನಿಂತರೆ ಏನಾಗುತ್ತದೆ ಎಂಬುದಕ್ಕೂ ನಮ್ಮ ತಾಲ್ಲೂಕಿನಲ್ಲೇ ಸಾಕ್ಷಿ ಇದೆ. ಹಳ್ಳಿಗುಡಿ ಸುತ್ತಿನ ಹೊಲಗಳನ್ನು ಪೋಸ್ಕೋ ಉಕ್ಕಿನ ಕಾರ್ಖಾನೆಗೆ ತೆಗೆದುಕೊಳ್ಳುವ ಯೋಜನೆ ಬಂದಾಗ ರೈತರು ಒಟ್ಟಾಗಿ ಒಲ್ಲೆ ಎಂದರು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮೀಜಿ ಅವರ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಆ ಯೋಚನೆ ಕೈಬಿಟ್ಟಿತು. ಕಾರ್ಖಾನೆ ಬರಬೇಕಿತ್ತೋ ಬೇಡವಾಗಿತ್ತೋ ಎಂಬ ವಾದ ಇವತ್ತಿಗೂ ಇರಬಹುದು. ಆದರೆ ನೆಲ ಯಾರದೋ ಅವರ ಮಾತಿಗೆ ಅವತ್ತು ಬೆಲೆ ಬಂತು. ಬೆಲೆ ಬಂದದ್ದು ಅವರು ಅಲ್ಲಿ ಇದ್ದುದರಿಂದ.

ಹೀಗೆ ಇರುವ ಹಕ್ಕು ನಮ್ಮ ರಾಜ್ಯದ ಹಳ್ಳಿಯವರಿಗೆ ಪುಕ್ಕಟೆ ಸಿಕ್ಕದ್ದಲ್ಲ. ಹಳ್ಳಿಹಳ್ಳಿಗೆ ಕೊಳವೆಬಾವಿ ತಂದು 'ನೀರ್ ಸಾಬ್' ಎನ್ನಿಸಿಕೊಂಡ ಅಬ್ದುಲ್ ನಜೀರ್ ಸಾಬ್ ಅಧಿಕಾರವೂ ನೀರಿನ ಹಾಗೆ ಊರ ತನಕ ಬರಬೇಕೆಂದು ಹಟ ಹಿಡಿದವರು. ಅವರ ಪ್ರಯತ್ನದಿಂದ ಬಂದ 1983ರ ಕಾಯ್ದೆಯಂತೆ 1987ರಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದಾಗ ನಾಲ್ಕರಲ್ಲಿ ಒಂದು ಪಾಲು ಸ್ಥಾನ ಹೆಂಗಸರಿಗೆ ಮೀಸಲಾಗಿತ್ತು. 1993ರಲ್ಲಿ ಸಂವಿಧಾನದ 73ನೆಯ ತಿದ್ದುಪಡಿ ಗ್ರಾಮಸಭೆಗೆ ದೇಶದುದ್ದಕ್ಕೂ ಸಂವಿಧಾನದ ಬಲ ಕೊಟ್ಟಿತು. ಇವತ್ತು ಕರ್ನಾಟಕದ ಪಂಚಾಯ್ತಿಗಳಲ್ಲಿ ಅರ್ಧ ಸ್ಥಾನ ಹೆಂಗಸರದು. ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಸೇರಲೇಬೇಕು. ಸಭೆಯಲ್ಲಿ ಮತದಾರರ ಹತ್ತನೆಯ ಒಂದು ಭಾಗ ಇಲ್ಲವೇ ನೂರು ಜನ, ಯಾವುದು ಕಡಿಮೆಯೋ ಅಷ್ಟಾದರೂ ಇರಬೇಕು. ಇಷ್ಟು ದೂರ ಬಂದ ಅಧಿಕಾರ ನಮ್ಮ ಮನೆಯ ಕಟ್ಟೆಯ ಮುಂದೆ ಬಂದು ನಿಂತಿದೆ. ನಾವು ಎದ್ದು ಹತ್ತು ಹೆಜ್ಜೆ ಹೋಗುತ್ತಿಲ್ಲ.

ಮುಂದಿನ ಗ್ರಾಮಸಭೆಯ ಹಿಂದಿನ ಸಂಜೆ ನಾನು ಮತ್ತೆ ಹಮ್ಮಿಗಿಯಲ್ಲಿದ್ದೆ. ಇಬ್ಬರು ಗೆಳತಿಯರೂ ಬಂದಿದ್ದರು. ಮೂರು ಓಣಿ ತಿರುಗಿ ಮನೆಮನೆಗೆ ತಿಳಿಸಿದೆವು. ಆಯಿಯ ಸಲುವಾಗಿ ನಾನು ಒಂದು ಅರ್ಜಿಯನ್ನೂ ಬರೆದುಕೊಂಡು ಹೋಗಿದ್ದೆ, ಒಳ್ಳೆಯ ಗ್ರಾಂಥಿಕ ಕನ್ನಡದಲ್ಲಿ. ಓದಿ ತೋರಿಸಿದೆ. ಪೂರ್ತಿ ಕೇಳಿ, "ಚಲೋ ಬರದಿ. ಆದರ ನಂದ ನಾನ ಹೇಳ್ತೀನಿ," ಎಂದರು. ಎರಡನೆಯ ಸಲವೂ ನಾನು ಹೊಸ್ತಿಲು ದಾಟಲು ಹೊರಟಿದ್ದೆ. ಅರ್ಜಿಯನ್ನು ಮಡಿಚಿ ಚೀಲದಲ್ಲಿ ಇಟ್ಟುಕೊಂಡೆ.

ಮರುದಿನ ನೆರೆಮನೆಯವರ ಆಟೋದಲ್ಲಿ ಆಯಿಯನ್ನು ಕರೆತಂದೆವು. ಹಾಜರಿ ಪುಸ್ತಕದಲ್ಲಿ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದರು. ಓಟಿನ ದಿನ ಅವರ ಎಡಗೈ ಬೆರಳಿಗೆ ಹಚ್ಚಿದ್ದು ಮೈಸೂರಿನ ಬಣ್ಣದ ಕಾರ್ಖಾನೆಯ ಅಳಿಸಲಾಗದ ಶಾಯಿ; 1962ರಿಂದ ದೇಶದ ಚುನಾವಣೆಗಳಿಗೆಲ್ಲ ಅಲ್ಲಿಂದಲೇ ಹೋಗುತ್ತದೆ. ಇದು ಅಂಗಡಿಯಲ್ಲಿ ಸಿಗುವ ಠಸ್ಸೆಯ ನೀಲಿ ಶಾಯಿ, ಸಂಜೆ ಕೈ ತೊಳೆದರೆ ಹೋಗುವಂಥದು. ಆದರೆ ಪುಸ್ತಕದಲ್ಲಿ ಒತ್ತಿದ ಗುರುತು ಅಲ್ಲೇ ಉಳಿಯುತ್ತದೆ.

ಆಯಿ ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ನಾಲ್ಕು ಮಾತು ಹೇಳಿದರು. ಅವರು ಬಾಯಿ ಬಿಟ್ಟದ್ದೇ ತಡ, ಹಿಂದೆ ಕೂತಿದ್ದ ಇನ್ನೊಬ್ಬ ಹೆಣ್ಣುಮಗಳು, "ನೆಳ್ಳ ಮುದುಕರಿಗಷ್ಟ ಅಲ್ಲರಿ, ಸಾಲಿಗೆ ಹೋಗೂ ಹುಡುಗ್ರಿಗೂ ಬೇಕು," ಎಂದಳು. ಮತ್ತೊಬ್ಬಾಕೆ, "ಅಲ್ಲೇ ಕುಡಿಯೂ ನೀರಿಂದೂ ಆಗಲಿ," ಎಂದು ಸೇರಿಸಿದಳು. ನನ್ನ ಅರ್ಜಿಯಲ್ಲಿ ಶಾಲೆಯ ಹುಡುಗರೂ ಇರಲಿಲ್ಲ, ಕುಡಿಯುವ ನೀರೂ ಇರಲಿಲ್ಲ. ಮೂವರ ಮಾತನ್ನೂ ನಡಾವಳಿಯಲ್ಲಿ ಬರೆದುಕೊಂಡರು.

ಸೇವೆಗೆ ಹೋದ ವಿದ್ಯಾರ್ಥಿಯಾಗಿ ನಾನು ಕಲಿತದ್ದು ಇಷ್ಟು. ಇನ್ನೊಬ್ಬರ ತೀರ್ಮಾನದ ಹೊಸ್ತಿಲನ್ನು ನಾವು ದಾಟಬಾರದು, ಪ್ರೀತಿಯಿಂದಲೂ ದಾಟಬಾರದು, ಅವರೇ ಕರೆದರೂ ದಾಟಬಾರದು. ಆದರೆ ಆ ಹೊಸ್ತಿಲ ತನಕ ಅವರನ್ನು ತಲುಪಿಸದೆ ಮನೆಯಲ್ಲಿ ಕೂರುವುದೂ ಅಷ್ಟೇ ದೊಡ್ಡ ತಪ್ಪು. ಮೊದಲನೆಯ ತಪ್ಪು ಮಾಡದಂತೆ ತಡೆಯಲು ಕಾನೂನು ಇದೆ. ಎರಡನೆಯದಕ್ಕೆ ನಮ್ಮ ಮನಸ್ಸಾಕ್ಷಿ ಬಿಟ್ಟರೆ ಬೇರೆ ಕಾವಲಿಲ್ಲ.

ಇದನ್ನು ಓದುತ್ತಿರುವ ವಿದ್ಯಾರ್ಥಿ ಗೆಳೆಯ ಗೆಳತಿಯರಲ್ಲಿ ಒಂದು ಬೇಡಿಕೆ. ಚುನಾವಣೆಗೆ ಕಾಯಬೇಡಿ. ನಿಮ್ಮ ಊರಿನ ಮುಂದಿನ ಗ್ರಾಮಸಭೆ ಯಾವತ್ತು ಎಂದು ಈ ವಾರವೇ ಪಂಚಾಯ್ತಿಗೆ ಹೋಗಿ ಕೇಳಿ. ನಿಮ್ಮ ಓಣಿಯಲ್ಲಿ ನಡೆಯಲಾಗದ ಒಬ್ಬರಿಗೆ ಆ ದಿನವನ್ನು ತಿಳಿಸಿ. ಅವತ್ತು ಅವರನ್ನು ಹೊಸ್ತಿಲ ತನಕ ಕರೆದೊಯ್ಯಿರಿ. ಮಾತು ಅವರೇ ಆಡಲಿ.