ಕಲ್ಪಿತ ಕಥೆಯೂ ಲೋಕವಿಸ್ಮಯವೂ

ನಡೆಯದುದನ್ನು ನಡೆದಂತೆ ಹೇಳುವುದು ಅಸತ್ಯವಾದರೆ, ಕಥೆ ಹೇಳುವವನ ಸತ್ಯಾಣುವ್ರತದ ಗತಿಯೇನು? ಮಾತನಾಡುವ ಮರ, ಬೆಂಕಿಯುಗುಳುವ ಸರ್ಪ, ತೊಟ್ಟವನನ್ನು ಅದೃಶ್ಯನನ್ನಾಗಿಸುವ ಉಂಗುರ ಮೊದಲಾದ ಅದ್ಭುತಗಳಿಂದ ತುಂಬಿದ ಪುಸ್ತಕವನ್ನು ಶ್ರಾವಕನು ತನ್ನ ಮಕ್ಕಳ ಕೈಗೆ ಕೊಡಬಹುದೇ? ಇದು ಪಾಂಡಿತ್ಯದ ವಿನೋದಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ಪಾಠಶಾಲೆಯ ಕಪಾಟಿಗೆ ಯಾವ ಪುಸ್ತಕಗಳನ್ನು ಕೊಳ್ಳಬೇಕೆಂಬ ಮಾತು ಬಂದಾಗಲೆಲ್ಲ ನಮ್ಮ ಟ್ರಸ್ಟುಗಳ ಸಭೆಗಳಲ್ಲಿ ಎರಡು ಪಕ್ಷಗಳಾಗುವುದುಂಟು. ಹಿರಿಯರಲ್ಲಿ ಕೆಲವರು ‘ಇವೆಲ್ಲ ಸುಳ್ಳಿನ ಕಂತೆ, ಮಿಥ್ಯಾತ್ವಕ್ಕೆ ಹಾದಿ’ ಎನ್ನುತ್ತಾರೆ. ಕಿರಿಯರು ‘ಬರಿಯ ಕಲ್ಪನೆ ತಾನೆ, ಅದರಿಂದ ಏನು ಕೆಡುತ್ತದೆ?’ ಎನ್ನುತ್ತಾರೆ. ನನ್ನ ಅಲ್ಪಮತಿಗೆ ತೋರಿದಂತೆ ಈ ಎರಡು ಮಾತುಗಳೂ ನಮ್ಮ ಶಾಸ್ತ್ರಕ್ಕೆ ಒಪ್ಪುವಂಥವಲ್ಲ. ಎರಡನೆಯದಂತೂ ಮೊದಲನೆಯದಕ್ಕಿಂತ ಹೆಚ್ಚು ಅಪಾಯದ ಮಾತು.

ಮೊದಲು ಅಸತ್ಯದ ವಿಚಾರ. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಅನೃತದ ಲಕ್ಷಣವನ್ನು ಹೇಳಿದ್ದಾರೆ. ಅದಕ್ಕೂ ಹಿಂದಿನ ಸೂತ್ರದ ‘ಪ್ರಮತ್ತಯೋಗ’ವನ್ನು, ಎಂದರೆ ಕಷಾಯಕ್ಕೆ ಒಳಗಾದ ಪ್ರವೃತ್ತಿಯನ್ನು, ಅನ್ವಯಿಸಿಕೊಂಡೇ ಅರ್ಥಮಾಡಬೇಕೆಂಬುದು ಟೀಕಾಕಾರರ ಮತ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅವರ ಪ್ರಕಾರ ಇಲ್ಲಿ ‘ಅಸತ್’ ಎಂದರೆ ಅಪ್ರಶಸ್ತವಾದುದು. ಯಾವುದು ಪ್ರಾಣಿಗೆ ಪೀಡೆಯನ್ನುಂಟುಮಾಡುವುದೋ ಅದು, ಇದ್ದ ಸಂಗತಿಯನ್ನು ಕುರಿತಾಗಿರಲಿ, ಇಲ್ಲದ ಸಂಗತಿಯನ್ನು ಕುರಿತಾಗಿರಲಿ, ಅಪ್ರಶಸ್ತ ವಚನವೇ. ಇದು ಬಹು ಗಂಭೀರವಾದ ನಿರ್ಣಯ. ಮಾತಿನ ದೋಷವನ್ನು ಅಳೆಯುವ ಕೋಲು ಆಡುವವನ ಅಂತರಂಗದಲ್ಲಿಯೂ ಕೇಳುವವನ ನೋವಿನಲ್ಲಿಯೂ ಇದೆ. ಮಾತಿಗೆ ವಿಷಯವಾದ ವಸ್ತು ಲೋಕದಲ್ಲಿ ಇದೆಯೇ ಇಲ್ಲವೇ ಎಂಬುದರಲ್ಲಿ ಅಲ್ಲ.

ಸತ್ಯಾಣುವ್ರತದ ಐದು ಅತಿಚಾರಗಳನ್ನು ನೋಡಿದರೂ ಇದೇ ತಿಳಿಯುತ್ತದೆ. ಮಿಥ್ಯೋಪದೇಶ, ಪರರ ಗುಟ್ಟನ್ನು ಬಯಲು ಮಾಡುವುದು, ಕೂಟಲೇಖ, ಇಟ್ಟ ನ್ಯಾಸವನ್ನು ಅಪಹರಿಸುವುದು, ಇಂಗಿತದಿಂದ ಅರಿತ ಮನದ ಮಾತನ್ನು ಹೊರಗೆಡಹುವುದು. ಇವುಗಳಲ್ಲಿ ಕವಿಯ ಮೇಲೆ ಹೊರಿಸಬಹುದಾದುದು ಹೆಚ್ಚೆಂದರೆ ಮೊದಲನೆಯದು. ಉಳಿದವು ಬಹುಮಟ್ಟಿಗೆ ನಮ್ಮಂಥ ವ್ಯಾಪಾರಿಗಳ ಬಾಗಿಲಿಗೇ ಬಂದು ನಿಲ್ಲುತ್ತವೆ. ಖೋಟಾ ಬಿಲ್ಲು, ಎರಡು ಬಗೆಯ ಖಾತೆಪುಸ್ತಕ, ಏರಿಸಿ ತೋರಿಸಿದ ದಾಸ್ತಾನು, ಇವು ಕೂಟಲೇಖಗಳು. ಇಲ್ಲಿ ಬರೆದವನಿಗೆ ಸುಳ್ಳೆಂದು ತಿಳಿದಿರುತ್ತದೆ, ಓದುವವನಿಗೆ ತಿಳಿದಿರುವುದಿಲ್ಲ. ಕಥೆಯಲ್ಲಿ ಇಬ್ಬರಿಗೂ ತಿಳಿದಿರುತ್ತದೆ.

ಈ ಭೇದವನ್ನು 8ನೆಯ ಶತಮಾನದ ಶ್ವೇತಾಂಬರ ಆಚಾರ್ಯ ಹರಿಭದ್ರಸೂರಿಗಳ ‘ಧೂರ್ತಾಖ್ಯಾನ’ದಷ್ಟು ಚೆನ್ನಾಗಿ ತೋರುವ ಗ್ರಂಥ ಮತ್ತೊಂದಿರಲಾರದು. ಉಜ್ಜಯಿನಿಯ ಉದ್ಯಾನವೊಂದರಲ್ಲಿ ಮಳೆಗೆ ಸಿಕ್ಕ ಧೂರ್ತರು ಹೊತ್ತು ಕಳೆಯಲು ಪಂದ್ಯ ಕಟ್ಟುತ್ತಾರೆ. ಒಬ್ಬೊಬ್ಬರು ಒಂದೊಂದು ಅಸಂಭವ ಕಥೆ ಹೇಳಬೇಕು. ಅದನ್ನು ನಂಬೆನೆಂದವನು ಎಲ್ಲರಿಗೂ ಊಟ ಹಾಕಿಸಬೇಕು. ಆನೆಗೆ ಹೆದರಿ ತಾನು ಕಮಂಡಲುವಿನೊಳಗೆ ಹೊಕ್ಕೆನೆಂದೂ, ಆನೆಯೂ ಬೆನ್ನಟ್ಟಿ ಒಳಬಂದಿತೆಂದೂ, ತಾನು ಮೂತಿಯಿಂದ ಹೊರಬಿದ್ದಾಗ ಆನೆಯ ಬಾಲದ ಕೂದಲೊಂದು ಅಲ್ಲಿ ಸಿಕ್ಕಿಕೊಂಡಿತೆಂದೂ ಮೂಲದೇವನು ಹೇಳುತ್ತಾನೆ. ಕೊನೆಗೆ ಗೆಲ್ಲುವವಳು ಖಂಡಪಾನೆಯೆಂಬ ಸ್ತ್ರೀ. ಆದರೆ ಹಸಿದವರ ಊಟಕ್ಕೆ ಹಣ ಬೇಕಲ್ಲ! ಆಕೆ ಸ್ಮಶಾನದಿಂದ ಸತ್ತ ಕೂಸೊಂದನ್ನು ತಂದು, ಧನಿಕ ಶ್ರೇಷ್ಠಿಯೊಬ್ಬನ ಮನೆಗೆ ಹೋಗಿ ಬೇಡುತ್ತಾಳೆ; ಆಳುಗಳು ನೂಕಿದೊಡನೆ ಕೂಸು ಸತ್ತಿತೆಂದು ಬಾಯಿಬಡಿದುಕೊಂಡು ಅವನಿಂದ ದ್ರವ್ಯವನ್ನು ಕೀಳುತ್ತಾಳೆ. ಉದ್ಯಾನದಲ್ಲಿ ಕಮಂಡಲುವಿನೊಳಗಿನ ಆನೆಯಿಂದ ಯಾರಿಗೂ ಕೇಡಾಗಲಿಲ್ಲ. ಶ್ರೇಷ್ಠಿಯ ಮನೆಯಲ್ಲಿ ಹೇಳಿದ ಮಾತಾದರೋ ಲೋಕದಲ್ಲಿ ಸಂಭವಿಸಬಹುದಾದದ್ದೇ, ಅದರಲ್ಲಿ ಅದ್ಭುತವೇನೂ ಇರಲಿಲ್ಲ. ಅದೇ ನಿಜವಾದ ಅಸತ್ಯ. ಶ್ರೇಷ್ಠಿಯ ವಿಷಯದಲ್ಲಿ ನನಗೆ ಸ್ವಲ್ಪ ಪಕ್ಷಪಾತವಿದ್ದರೆ ಓದುಗರು ಕ್ಷಮಿಸಬೇಕು.

ಅನುಯೋಗದ್ವಾರವೆಂಬ ಆಗಮದಲ್ಲಿ ಉದುರುವ ಹಣ್ಣೆಲೆಗೂ ಚಿಗುರೆಲೆಗಳಿಗೂ ನಡೆದ ಸಂಭಾಷಣೆಯಿದೆ. ಇಂದು ನಾವಿರುವಂತೆ ನಾಳೆ ನೀವು ಎಂದು ಹಣ್ಣೆಲೆ ಹೇಳುತ್ತದೆ. ಅದನ್ನು ಹೇಳಿ ಮುಗಿಸಿದೊಡನೆ, ಇಂಥ ಸಂಭಾಷಣೆ ಎಂದೂ ನಡೆದಿಲ್ಲ, ನಡೆಯುವುದೂ ಇಲ್ಲ, ಭವ್ಯಜನರ ಬೋಧೆಗಾಗಿ ಮಾಡಿದ ಉಪಮೆಯಿದು ಎಂಬ ವಿವರಣೆಯೂ ಬರುತ್ತದೆ. ಕಲ್ಪನೆಯನ್ನು ಕಲ್ಪನೆಯೆಂದೇ ಹೇಳಿ ಕೊಡುವ ಈ ನಿಷ್ಕಪಟತೆಯನ್ನು ಕಂಡು ನನಗೆ ಯಾವಾಗಲೂ ಸಂತೋಷವಾಗುತ್ತದೆ. ಎಲೆಗಳು ಮಾತನಾಡಬಹುದಾದರೆ ಇತರರ ಕಥೆಗಳ ಮರಗಳು ಏಕೆ ಮಾತನಾಡಬಾರದು?

ಇಲ್ಲಿ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಗೊಮ್ಮಟಸಾರದ ಜೀವಕಾಂಡದಲ್ಲಿ 15 ಪ್ರಮಾದಗಳನ್ನು ಹೇಳುವಾಗ ನಾಲ್ಕು ವಿಕಥೆಗಳು ಬರುತ್ತವೆ: ಸ್ತ್ರೀಕಥೆ, ಭಕ್ತಕಥೆ, ರಾಷ್ಟ್ರಕಥೆ, ರಾಜಕಥೆ. ಭಕ್ತವೆಂದರೆ ಅನ್ನ, ಊಟದ ಮಾತು. ಈ ನಾಲ್ಕೂ ಇರುವ ವಸ್ತುಗಳನ್ನು ಕುರಿತವೇ ಹೊರತು ಕಲ್ಪಿತ ವಸ್ತುಗಳನ್ನು ಕುರಿತವಲ್ಲ. ಬೆಳಗಿನ ವೃತ್ತಪತ್ರಿಕೆಯನ್ನು ಬಿಡಿಸಿದರೆ ಈ ನಾಲ್ಕೂ ಪುಟಪುಟಕ್ಕೆ ಸಿಗುತ್ತವೆ. ಮಕ್ಕಳ ಕಥೆಪುಸ್ತಕವನ್ನು ವಿಕಥೆಯೆಂದು ಜರಿಯುವವರು ತಾವು ಎದ್ದೊಡನೆ ಏನನ್ನು ಓದುತ್ತೇವೆಂದು ಒಮ್ಮೆ ಯೋಚಿಸಬೇಕಾಗಿದೆ.

ಕನ್ನಡದ ಜೈನಕವಿಗಳಿಗೂ ಈ ವಿಷಯದಲ್ಲಿ ಸಂಕೋಚವಿರಲಿಲ್ಲ. 12ನೆಯ ಶತಮಾನದ ಕವಿ ನೇಮಿಚಂದ್ರನು (ಗೊಮ್ಮಟಸಾರದ ಆಚಾರ್ಯರು ಬೇರೆ, ಈತ ಬೇರೆ) ಸ್ವಪ್ನದಲ್ಲಿ ಪರಸ್ಪರ ಕಂಡು ಅನುರಕ್ತರಾದವರ ಕಥೆಯನ್ನು ‘ಲೀಲಾವತೀಪ್ರಬಂಧ’ದಲ್ಲಿ ಹೇಳಿದನು. ತೀರ್ಥಂಕರ ಚರಿತೆಯಾದ ನೇಮಿನಾಥಪುರಾಣವನ್ನು ಮುಗಿಸಲಾಗದೆ ಅದು ಅರ್ಧನೇಮಿಯಾಗಿಯೇ ಉಳಿಯಿತು. ಕಲ್ಪಿತ ಕಥೆ ಮಾತ್ರ ಪೂರ್ಣವಾಯಿತು. ಕಪಿಗಳು ಕಡಲಿಗೆ ಸೇತುವೆ ಕಟ್ಟಿದರೋ ಇಲ್ಲವೋ, ವಾಮನನ ಪಾದ ಮುಗಿಲನ್ನು ಮುಟ್ಟಿತೋ ಇಲ್ಲವೋ, ಕವಿಗಳಂತೂ ತಮ್ಮ ಕೃತಿಗಳಲ್ಲಿ ಇದನ್ನೆಲ್ಲ ಮಾಡಿಬಿಟ್ಟರೆಂಬ ಆತನ ಮಾತನ್ನು ಶಾಲೆಯಲ್ಲಿ ಕಲಿತವರು ನಮ್ಮಲ್ಲಿ ಅನೇಕರಿದ್ದಾರೆ.

ಇಷ್ಟಾದರೆ ಕಿರಿಯರ ಪಕ್ಷ ಗೆದ್ದಂತಾಯಿತೇ? ಇಲ್ಲ. ‘ಬರಿಯ ಕಲ್ಪನೆ’ ಎಂಬ ಮಾತನ್ನು ಬೇರೆ ಯಾರಾದರೂ ಆಡಬಹುದು, ಯಶೋಧರನ ಕಥೆಯನ್ನು ಕೇಳಿ ಬೆಳೆದವರು ಆಡುವಂತಿಲ್ಲ. ಜನ್ನನು 1209ರಲ್ಲಿ ರಚಿಸಿದ ಆ ಕಾವ್ಯದಲ್ಲಿ ಯಶೋಧರನು ಬಲಿಕೊಟ್ಟದ್ದು ಜೀವವಿದ್ದ ಕೋಳಿಯನ್ನಲ್ಲ, ಹಿಟ್ಟಿನಿಂದ ಮಾಡಿದ ಕೋಳಿಯನ್ನು. ಪ್ರಾಣಿಹಿಂಸೆ ಬೇಡವೆಂದು ಆತನೂ, ಬಲಿಯನ್ನು ಬಿಡಲಾಗದೆಂದು ತಾಯಿ ಚಂದ್ರಮತಿಯೂ ಮಾಡಿಕೊಂಡ ಒಪ್ಪಂದವದು. ಆ ಸಂಕಲ್ಪಹಿಂಸೆಗೆ ತಾಯಿಮಕ್ಕಳು ಭವಭವಗಳಲ್ಲಿ ತಿರ್ಯಂಚರಾಗಿ ಹುಟ್ಟಿ ಕೊಲೆಗೀಡಾದರು. ಕೈ ಕೊಂದದ್ದು ಹಿಟ್ಟನ್ನು, ಮನಸ್ಸು ಕೊಂದದ್ದು ಕೋಳಿಯನ್ನು. ಈಗ ನಮ್ಮ ಮನೆಗಳಲ್ಲಿ ಹತ್ತು ವರ್ಷದ ಬಾಲಕನು ಮೊಬೈಲ್ ಫೋನಿನ ಆಟದಲ್ಲಿ ರಾತ್ರಿಯ ಊಟಕ್ಕೆ ಮುಂಚೆ ನೂರು ಜನರನ್ನು ಗುಂಡಿಟ್ಟು ಕೊಲ್ಲುತ್ತಾನೆ, ಆಮೇಲೆ ಸೂರ್ಯಾಸ್ತಕ್ಕೆ ಮೊದಲೇ ಶುದ್ಧ ಆಹಾರವನ್ನು ಉಣ್ಣುತ್ತಾನೆ. ಅಲ್ಲಿ ಸತ್ತದ್ದು ಯಾರೂ ಇಲ್ಲ, ನಿಜ. ಹಿಟ್ಟಿನ ಕೋಳಿಯೂ ಹಾಗೆಯೇ ಇತ್ತು. ಕಲ್ಪನೆಗೆ ಬಲವಿಲ್ಲವೆಂದು ನಂಬಿದರೆ ಅದು ಮಗುವಿನ ವಿಸ್ಮಯವನ್ನು ಬೆಳೆಸುತ್ತದೆಂದು ಹೊಗಳುವುದಕ್ಕೂ ಅವಕಾಶವಿಲ್ಲ; ಬಲವಿದೆಯೆಂದರೆ ಅದರ ಹೊಣೆಯನ್ನೂ ಹೊರಬೇಕು.

ಈಗ ವಿಸ್ಮಯದ ಮಾತಿಗೆ ಬರುತ್ತೇನೆ. ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದ ಜೆ. ಆರ್. ಆರ್. ಟೋಲ್ಕೀನ್ ಅವರು ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ 1939ರಲ್ಲಿ ಅದ್ಭುತ ಕಥೆಗಳನ್ನು ಕುರಿತು ಒಂದು ಉಪನ್ಯಾಸ ಕೊಟ್ಟರು. ಪರಿಚಿತವಾಗಿ ಹಳಸಿಹೋದ ಮರ, ಕಲ್ಲು, ರೊಟ್ಟಿಗಳನ್ನು ಮತ್ತೆ ಹೊಸದಾಗಿ ಕಾಣಿಸುವುದೇ ಇಂಥ ಕಥೆಯ ಪ್ರಯೋಜನವೆಂಬುದು ಅವರ ಮುಖ್ಯ ಮಾತುಗಳಲ್ಲೊಂದು. ವಸ್ತುಗಳು ಹಳಸುವುದೇಕೆ? ನಾವು ಅವುಗಳನ್ನು ನಮ್ಮದೆಂದು ಹಿಡಿದು, ಬೊಕ್ಕಸದಲ್ಲಿಟ್ಟು ಬೀಗ ಹಾಕಿ, ನೋಡುವುದನ್ನೇ ಬಿಟ್ಟದ್ದರಿಂದ ಎಂದು ಅವರು ಉತ್ತರಿಸುತ್ತಾರೆ. ಇದನ್ನು ಓದಿದಾಗ ಇದು ನಮ್ಮ ಮೂರ್ಛೆಯ ಲಕ್ಷಣವಲ್ಲವೇ ಎನಿಸಿತು. ಮೂರ್ಛೆಯೇ ಪರಿಗ್ರಹವೆಂದು ಸೂತ್ರಕಾರರು ಹೇಳಿದ್ದನ್ನು ನಾವು ದಾನದ ಲೆಕ್ಕಕ್ಕಷ್ಟೇ ಅನ್ವಯಿಸುತ್ತೇವೆ. ಆದರೆ ಮೂರ್ಛೆಗೊಂಡವನಿಗೆ ಕಣ್ಣೂ ಕಾಣುವುದಿಲ್ಲ. ಜವಳಿ ವ್ಯಾಪಾರಿಗೆ ಸೀರೆಯ ಬಣ್ಣ ಕಾಣದು, ಮೀಟರಿನ ದರ ಕಾಣುತ್ತದೆ. ಅಡಕೆಯ ಮಂಡಿಯವನಿಗೆ ಅಡಕೆಯ ಮರದ ನೀಳವಾದ ಸೊಗಸು ಎಂದೋ ಮರೆತಿರುತ್ತದೆ. ವಿಸ್ಮಯವೆಂಬುದು ಅಪರಿಗ್ರಹದ ಒಂದು ಫಲವೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಆದರೆ ಟೋಲ್ಕೀನರು ಶ್ರದ್ಧಾವಂತ ಕ್ಯಾಥೊಲಿಕ್ ಕ್ರೈಸ್ತರು. ಸೃಷ್ಟಿಕರ್ತನ ಪ್ರತಿರೂಪವಾಗಿ ತಾನು ಸೃಷ್ಟಿಯಾದುದರಿಂದಲೇ ಮನುಷ್ಯನೂ ಕಥಾಲೋಕಗಳನ್ನು ಸೃಷ್ಟಿಸುತ್ತಾನೆ ಎಂಬುದು ಅವರ ನಿಲುವು. ಇಲ್ಲಿ ನಮ್ಮ ದಾರಿ ಬೇರೆ. ಲೋಕಕ್ಕೆ ಕರ್ತೃವಿದ್ದಾನೆಂಬ ವಾದವನ್ನು ಜಿನಸೇನಾಚಾರ್ಯರು 9ನೆಯ ಶತಮಾನದಲ್ಲಿಯೇ ಮಹಾಪುರಾಣದಲ್ಲಿ ನಿಷ್ಠುರವಾಗಿ ಖಂಡಿಸಿದರು; ಅಮೆರಿಕದ ವಿಜ್ಞಾನಿ ಕಾರ್ಲ್ ಸೇಗನ್ 1980ರ ‘ಕಾಸ್ಮೋಸ್’ ಗ್ರಂಥದಲ್ಲಿ ಆ ಭಾಗವನ್ನು ಉದ್ಧರಿಸಿದ್ದಾರೆ. ಹಾಗಾದರೆ ಕರ್ತೃವಿಲ್ಲದ ಲೋಕದಲ್ಲಿ ಬೆರಗಿಗೆ ಎಡೆಯಿಲ್ಲವೇ? ಇದೆ, ಇನ್ನೂ ಹೆಚ್ಚಾಗಿಯೇ ಇದೆ. ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದುದೇ ಸತ್ತು ಎಂದ ಮೇಲೆ ಉತ್ಪತ್ತಿಯೆಂಬುದು ಎಂದೋ ಒಂದು ದಿನ ನಡೆದು ಮುಗಿದ ಘಟನೆಯಲ್ಲ. ಪ್ರತಿ ಸಮಯದಲ್ಲಿಯೂ ಪ್ರತಿಯೊಂದು ದ್ರವ್ಯದಲ್ಲಿಯೂ ಹೊಸ ಪರ್ಯಾಯ ಹುಟ್ಟುತ್ತಿದೆ, ಹಳೆಯದು ಅಳಿಯುತ್ತಿದೆ, ದ್ರವ್ಯ ಉಳಿಯುತ್ತಿದೆ. ಯಾರ ಅಪ್ಪಣೆಯೂ ಇಲ್ಲದೆ ಮಾವಿನ ಓಟೆ ಮಾವೇ ಆಗಿ ಮೊಳೆಯುತ್ತದೆ.

ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಗೆ ಹೋದವರು ಭೈರಾದೇವಿ ಮಂಟಪದ ಅಧಿಷ್ಠಾನದ ಕೆತ್ತನೆಗಳನ್ನು ನೋಡದೆ ಬರಬಾರದು. ಅಲ್ಲಿ ಚೀನಾ ದೇಶದ ಡ್ರ್ಯಾಗನ್ ಇದೆ, ಆಫ್ರಿಕದ ಜಿರಾಫೆಯೂ ಇದೆ. ಒಂದು ಎಲ್ಲಿಯೂ ಇಲ್ಲದ ಪ್ರಾಣಿ, ಇನ್ನೊಂದು ನಿಜವಾಗಿ ಇರುವುದು. ಎರಡನ್ನೂ ಒಂದೇ ಉಳಿಯಿಂದ, ಒಂದೇ ಪ್ರೀತಿಯಿಂದ ಕೆತ್ತಿದ್ದಾರೆ. ಅದನ್ನು ತೋರಿಸಿ ಇವುಗಳಲ್ಲಿ ಯಾವುದು ನಿಜವೆಂದು ಮಕ್ಕಳನ್ನು ಕೇಳಿ ನೋಡಬೇಕು. ಅಷ್ಟುದ್ದ ಕೊರಳಿನ ಮೃಗ ನಿಜವೆಂದು ತಿಳಿದಾಗ ಅವರ ಮುಖ ಅರಳುವುದನ್ನು ಕಂಡರೆ ಡ್ರ್ಯಾಗನ್ನು ಅಲ್ಲಿರುವುದರ ಪ್ರಯೋಜನವೂ ಅರ್ಥವಾಗುತ್ತದೆ.

ಹಾಗಾದರೆ ಪಾಠಶಾಲೆಗೆ ಯಾವ ಪುಸ್ತಕ? ಟೋಲ್ಕೀನರದೇ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ಅನ್ನು ತೆಗೆದುಕೊಳ್ಳೋಣ. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂದ ಕಥೆಯದು. ಸಾಮಾನ್ಯವಾಗಿ ಅದ್ಭುತ ಕಥೆಯ ನಾಯಕ ನಿಧಿಯನ್ನು ಗಳಿಸಲು ಹೊರಡುತ್ತಾನೆ. ಇಲ್ಲಿನ ಫ್ರೋಡೊ ತನ್ನಲ್ಲಿರುವ ಉಂಗುರವನ್ನು ಬಿಡಲು ಹೊರಡುತ್ತಾನೆ. ಅದು ತೊಟ್ಟವರನ್ನೆಲ್ಲ ತನ್ನ ದಾಸರನ್ನಾಗಿಸುವ ವಸ್ತು. ಅಷ್ಟು ದೂರ ನಡೆದು ಅಗ್ನಿಪರ್ವತದ ಅಂಚಿನಲ್ಲಿ ನಿಂತಾಗ ಅವನಿಗೆ ಬಿಡಲಾಗುವುದಿಲ್ಲ, ನನ್ನದು ಎಂದುಬಿಡುತ್ತಾನೆ. ತ್ಯಾಗದ ಕೊನೆಯ ಮೆಟ್ಟಿಲು ಎಷ್ಟು ಕಠಿಣವೆಂದು ಬಲ್ಲವರೇ ಹಾಗೆ ಬರೆಯಬಲ್ಲರು. ಉಂಗುರ ನಾಶವಾಗುವುದು ಗೊಲ್ಲಮ್ ಎಂಬ ನೀಚ ಪ್ರಾಣಿಯಿಂದ. ಕೊಲ್ಲಬಹುದಾಗಿದ್ದ ಅವನನ್ನು ಹಿಂದೊಮ್ಮೆ ಬಿಲ್ಬೊ ದಯೆಯಿಂದ ಬಿಟ್ಟಿದ್ದನು, ಫ್ರೋಡೊ ಸಹ ಬಿಟ್ಟಿದ್ದನು. ಪರಾಕ್ರಮ ಮಾಡಲಾರದ ಕೆಲಸ ಹಳೆಯ ದಯೆಯೊಂದರಿಂದ ಆಯಿತು.

ಅದೇ ಪುಸ್ತಕದಲ್ಲಿ ಕೋಟೆಯೊಂದರ ಯುದ್ಧದ ಪ್ರಸಂಗವಿದೆ. ನಾಯಕನ ಕಡೆಯ ಇಬ್ಬರು ಗೆಳೆಯರು, ಲೆಗೊಲಾಸ್ ಮತ್ತು ಗಿಮ್ಲಿ, ತಾವು ಕೊಂದ ಶತ್ರುಗಳನ್ನು ಪಂದ್ಯ ಕಟ್ಟಿ ಎಣಿಸುತ್ತಾರೆ. ಒಬ್ಬನದು 41, ಮತ್ತೊಬ್ಬನದು 42. ಓದುಗನು ನಗಬೇಕೆಂದೇ ಬರೆದ ಭಾಗವದು, ಮಕ್ಕಳೂ ನಗುತ್ತಾರೆ. ಸತ್ತವರು ವಿಕಾರ ರೂಪದ ಕಲ್ಪಿತ ಜೀವಿಗಳೆಂಬುದು ಅಲ್ಲಿಯ ಸಮಾಧಾನ. ಈ ಪುಸ್ತಕವನ್ನು ಕಪಾಟಿನಲ್ಲಿಡಬೇಕೆಂದೇ ನನ್ನ ಅಭಿಪ್ರಾಯ. ಆದರೆ ಆ ಪುಟ ಬಂದಾಗ ತಂದೆಯೋ ತಾಯಿಯೋ ಮಗುವಿನ ಪಕ್ಕದಲ್ಲಿದ್ದು, ಅಲ್ಲಿ ಸ್ವಲ್ಪ ನಿಲ್ಲಿಸಿ, ಹಿಟ್ಟಿನ ಕೋಳಿಯ ಕಥೆಯನ್ನು ಹೇಳಿ, ಅನಂತರ ಮುಂದಕ್ಕೆ ಓದಿಸಬೇಕು.